ಪ್ರಶ್ನೆ ಕೇಳಿದ ವಿದ್ಯಾರ್ಥಿ

ಇತಿಹಾಸವೆಂದರೆ ರಾಜರ ಹೆಸರುಗಳನ್ನೂ ಯುದ್ಧಗಳ ಇಸವಿಗಳನ್ನೂ ಬಾಯಿಪಾಠ ಮಾಡುವುದು ಎಂಬ ಭಾವನೆ ಅನೇಕ ವಿದ್ಯಾರ್ಥಿಗಳಲ್ಲಿದೆ. ಪುಸ್ತಕದಲ್ಲಿ ಅಚ್ಚಾಗಿರುವುದೆಲ್ಲ ಎಂದೋ ಯಾರೋ ತೀರ್ಮಾನಿಸಿ ಮುಗಿಸಿದ ಸಂಗತಿ. ಅದನ್ನು ನೆನಪಿನಲ್ಲಿಟ್ಟುಕೊಂಡು ಪರೀಕ್ಷೆಯಲ್ಲಿ ಬರೆದರೆ ಕೆಲಸ ಮುಗಿಯಿತು ಎಂದು ಅವರು ತಿಳಿಯುತ್ತಾರೆ. ಆದರೆ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದ ಮೇಲೆ ಇತಿಹಾಸದ ವ್ಯಾಸಂಗವು ಬೇರೊಂದು ರೂಪವನ್ನು ತಾಳುತ್ತದೆ. ಅಲ್ಲಿ ವಿದ್ಯಾರ್ಥಿಯು ‘ಏನು ನಡೆಯಿತು?’ ಎಂದು ಕೇಳುವುದರ ಜೊತೆಗೆ, ‘ಹಾಗೆ ನಡೆಯಿತೆಂದು ಹೇಳಿದವರು ಯಾರು? ಅವರಿಗೆ ಅದು ತಿಳಿದುದು ಹೇಗೆ? ಅವರು ಹೇಳದೆ ಬಿಟ್ಟುದು ಏನು?’ ಎಂದೂ ಕೇಳಬೇಕಾಗುತ್ತದೆ. ಇಂತಹ ಪ್ರಶ್ನೆಗಳನ್ನು ಕೇಳಿ, ಇಂಗ್ಲೆಂಡಿನ ಇತಿಹಾಸದ ಒಂದು ಮುಖ್ಯ ಅಧ್ಯಾಯವನ್ನು ಜಗತ್ತು ಹೊಸ ಕಣ್ಣಿನಿಂದ ನೋಡುವಂತೆ ಮಾಡಿದ ವಿದ್ಯಾರ್ಥಿಯೊಬ್ಬನ ಕಥೆ ಇದು. ಆತನ ಹೆಸರು ಎರಿಕ್ ವಿಲಿಯಮ್ಸ್.

ದಕ್ಷಿಣ ಅಮೆರಿಕ ಖಂಡದ ಉತ್ತರ ಅಂಚಿನಲ್ಲಿ, ವೆನೆಜುವೆಲಾ ದೇಶದ ಕರಾವಳಿಗೆ ಎದುರಾಗಿ, ಟ್ರಿನಿಡಾಡ್ ಎಂಬ ದ್ವೀಪವಿದೆ. 1498ರಲ್ಲಿ ಕೊಲಂಬಸನು ಅದನ್ನು ಕಂಡನು. ಬಹುಕಾಲ ಸ್ಪೇನಿನ ವಶದಲ್ಲಿದ್ದ ಆ ದ್ವೀಪವನ್ನು 1797ರಲ್ಲಿ ಬ್ರಿಟಿಷರು ಗೆದ್ದುಕೊಂಡರು. ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರಿದ್ದರು. ಗುಲಾಮಗಿರಿಯು ರದ್ದಾದ ಮೇಲೆ ತೋಟಗಳ ಒಡೆಯರು ಭಾರತದಿಂದ ಕರಾರಿನ ಕೂಲಿಗಳನ್ನು ತರಿಸಿದರು. ಅಂತಹ ಕೂಲಿಗಳನ್ನು ಹೊತ್ತ ಮೊದಲ ಹಡಗು 1845ರ ಮೇ 30ರಂದು ಟ್ರಿನಿಡಾಡಿನ ದಡವನ್ನು ಮುಟ್ಟಿತು. ಹೀಗೆ ಒಂದು ಸಣ್ಣ ದ್ವೀಪದಲ್ಲಿ ಆಫ್ರಿಕದ ಮೂಲದವರೂ ಭಾರತದ ಮೂಲದವರೂ ನೆರೆಹೊರೆಯವರಾದರು. ಆಳುವವರ ಭಾಷೆಯಾದ ಇಂಗ್ಲಿಷ್ ಶಾಲೆ, ಕಚೇರಿ, ನ್ಯಾಯಾಲಯಗಳ ಭಾಷೆಯಾಯಿತು.

ಈ ದ್ವೀಪದ ಮುಖ್ಯ ಪಟ್ಟಣವಾದ ಪೋರ್ಟ್ ಆಫ್ ಸ್ಪೇನಿನಲ್ಲಿ 1911ರ ಸೆಪ್ಟೆಂಬರ್ 25ರಂದು ಎರಿಕ್ ವಿಲಿಯಮ್ಸ್ ಹುಟ್ಟಿದನು. ಆತನ ತಂದೆ ಅಂಚೆ ಇಲಾಖೆಯಲ್ಲಿ ಸಣ್ಣ ಹುದ್ದೆಯೊಂದರಲ್ಲಿದ್ದನು. ಹನ್ನೆರಡು ಮಕ್ಕಳ ಆ ಸಂಸಾರದಲ್ಲಿ ಎರಿಕನೇ ಹಿರಿಯನು. ಸಂಬಳ ಕಡಿಮೆ, ಉಣ್ಣುವ ಬಾಯಿಗಳು ಹೆಚ್ಚು. ಬುದ್ಧಿವಂತನಾದ ಹುಡುಗನಿಗೆ ಮೇಲೆ ಬರಲು ಇದ್ದುದು ಒಂದೇ ದಾರಿ: ವಿದ್ಯಾರ್ಥಿವೇತನ. ಆಗ ಟ್ರಿನಿಡಾಡಿನಲ್ಲಿ ವಿಶ್ವವಿದ್ಯಾನಿಲಯವಿರಲಿಲ್ಲ. ಪದವಿ ಬೇಕೆಂದವನು ಸಮುದ್ರವನ್ನು ದಾಟಬೇಕಾಗಿತ್ತು. ಅದಕ್ಕೆ ಬೇಕಾದ ಹಣವನ್ನು ಸರ್ಕಾರವು ತೀರ ಕೆಲವು ಮಂದಿಗೆ ಮಾತ್ರ, ಕಠಿಣವಾದ ಪರೀಕ್ಷೆಯ ಮೂಲಕ ಕೊಡುತ್ತಿದ್ದಿತು.

ಎರಿಕನು ಕ್ವೀನ್ಸ್ ರಾಯಲ್ ಕಾಲೇಜು ಎಂಬ ಪ್ರೌಢಶಾಲೆಯಲ್ಲಿ ಓದಿದನು. ಕಾಲ್ಚೆಂಡಿನ ಆಟದಲ್ಲಿ ಆತನಿಗೆ ಒಲವಿತ್ತು. ಆ ಆಟದಲ್ಲಿ ಬಿದ್ದ ಪೆಟ್ಟಿನಿಂದ ಆತನ ಕಿವಿಗೆ ಹಾನಿಯಾಯಿತು. ಜೀವಮಾನವೆಲ್ಲ ಆತನು ಕಿವಿ ಮಂದವಾದವನಾಗಿಯೇ ಬಾಳಬೇಕಾಯಿತು. ಆ ಶಾಲೆಯ ವಿದ್ಯಾರ್ಥಿಗಳು ಬರೆಯುತ್ತಿದ್ದುದು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯವು ನಡೆಸುತ್ತಿದ್ದ ಪರೀಕ್ಷೆಗಳನ್ನು. ಆದುದರಿಂದ ಅವರು ಕಲಿಯುತ್ತಿದ್ದ ಇತಿಹಾಸವೂ ಬಹುಮಟ್ಟಿಗೆ ಇಂಗ್ಲೆಂಡಿನದೇ. ಇಂಗ್ಲೆಂಡಿನ ಅರಸರು, ಅದರ ಪಾರ್ಲಿಮೆಂಟು, ಅದರ ನೌಕಾಯುದ್ಧಗಳು, ಇವುಗಳ ವಿವರ ಆ ಹುಡುಗರಿಗೆ ಚೆನ್ನಾಗಿ ತಿಳಿದಿತ್ತು. ತಮ್ಮ ಮುತ್ತಜ್ಜಂದಿರು ಯಾವ ಹಡಗಿನಲ್ಲಿ, ಯಾವ ಸ್ಥಿತಿಯಲ್ಲಿ ಈ ದ್ವೀಪಕ್ಕೆ ಬಂದರೆಂಬುದು ಮಾತ್ರ ಪಠ್ಯದಲ್ಲಿ ಹೆಚ್ಚಾಗಿ ಕಾಣುತ್ತಿರಲಿಲ್ಲ. ಅದೇ ಶಾಲೆಯಲ್ಲಿ ಸಿ. ಎಲ್. ಆರ್. ಜೇಮ್ಸ್ ಎಂಬ ತರುಣ ಉಪಾಧ್ಯಾಯನಿದ್ದನು. ಮುಂದೆ ದೊಡ್ಡ ಲೇಖಕನಾದ ಆತನ ಸಹವಾಸವು ಎರಿಕನ ಕುತೂಹಲವನ್ನು ಹರಿತಗೊಳಿಸಿತು.

ವಿದ್ಯಾರ್ಥಿವೇತನ ಗೆದ್ದವರು ವೈದ್ಯಶಾಸ್ತ್ರವನ್ನೋ ನ್ಯಾಯಶಾಸ್ತ್ರವನ್ನೋ ಆರಿಸಿಕೊಳ್ಳುವುದು ಆಗಿನ ರೂಢಿ. ಅವೆರಡರಲ್ಲಿಯೂ ಹಣವಿತ್ತು, ಮನ್ನಣೆಯಿತ್ತು. ಎರಿಕನು ಇತಿಹಾಸವನ್ನು ಆರಿಸಿಕೊಂಡನು. 1932ರಲ್ಲಿ ಆತನು ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದನು.

ಆಕ್ಸ್‌ಫರ್ಡಿನ ಬೋಧನಾಕ್ರಮದಲ್ಲಿ ಒಂದು ವಿಶೇಷವಿದೆ. ವಿದ್ಯಾರ್ಥಿಗೆ ಒಂದು ಪ್ರಶ್ನೆಯನ್ನೂ ಓದಬೇಕಾದ ಗ್ರಂಥಗಳ ಪಟ್ಟಿಯನ್ನೂ ಕೊಡುತ್ತಾರೆ. ಅವನು ಅವುಗಳನ್ನು ಓದಿ, ತನ್ನ ಅಭಿಪ್ರಾಯವನ್ನು ಪ್ರಬಂಧವಾಗಿ ಬರೆದು, ಅಧ್ಯಾಪಕನ ಕೋಣೆಗೆ ಹೋಗಿ ಓದಿ ಹೇಳಬೇಕು. ಅಧ್ಯಾಪಕನು ಒಂದೊಂದು ಮಾತನ್ನೂ ತಡೆದು, ‘ಇದಕ್ಕೆ ಆಧಾರವೇನು?’ ಎಂದು ಕೇಳುತ್ತಾನೆ. ಆಧಾರವಿಲ್ಲದ ಮಾತು ಎಷ್ಟು ಸೊಗಸಾಗಿದ್ದರೂ ಅಲ್ಲಿ ನಿಲ್ಲದು. ಹತ್ತು ಗ್ರಂಥಗಳು ಹತ್ತು ಬಗೆಯಾಗಿ ಹೇಳುವಾಗ ಯಾವುದನ್ನು ಒಪ್ಪಬೇಕು, ಏಕೆ ಒಪ್ಪಬೇಕು ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಬೇಕು. ಈ ಶಿಸ್ತಿನಲ್ಲಿ ಎರಿಕನು ಪಳಗಿದನು. 1935ರಲ್ಲಿ ಇತಿಹಾಸದಲ್ಲಿ ಪ್ರಥಮ ದರ್ಜೆಯನ್ನು ಪಡೆದು ತೇರ್ಗಡೆಯಾದನು.

ಅನಂತರ ಆತನು ಆಕ್ಸ್‌ಫರ್ಡಿನ ಒಂದು ಪ್ರಸಿದ್ಧ ಕಾಲೇಜಿನ ವಿದ್ವಾಂಸಪದವಿಗಾಗಿ ಸ್ಪರ್ಧಿಸಿದನು. ಆತನಿಗೆ ಅದು ದೊರೆಯಲಿಲ್ಲ. ಕಪ್ಪು ಬಣ್ಣದವನಿಗೆ ಅಲ್ಲಿ ಸ್ಥಾನವಿಲ್ಲವೆಂಬ ಕಹಿ ಆತನ ಮನಸ್ಸಿನಲ್ಲಿ ಉಳಿಯಿತು. ಆದರೆ ಆತನು ಊರಿಗೆ ಹಿಂದಿರುಗಲಿಲ್ಲ. ಡಾಕ್ಟರೇಟ್ ಪದವಿಗಾಗಿ ಸಂಶೋಧನೆಯನ್ನು ಕೈಗೊಂಡನು. ಆತನು ಆರಿಸಿಕೊಂಡ ವಿಷಯ ತನ್ನ ಪೂರ್ವಿಕರ ಬಾಳಿಗೆ ನೇರವಾಗಿ ಸಂಬಂಧಪಟ್ಟುದಾಗಿತ್ತು: ಬ್ರಿಟನ್ ಗುಲಾಮಗಿರಿಯನ್ನು ರದ್ದುಮಾಡಿದುದು ಏಕೆ?

ಈ ಪ್ರಶ್ನೆಯ ಮಹತ್ವವನ್ನು ಅರಿಯಬೇಕಾದರೆ ಗುಲಾಮ ವ್ಯಾಪಾರದ ಸ್ವರೂಪವನ್ನು ತಿಳಿಯಬೇಕು. ಲಿವರ್‌ಪೂಲ್, ಬ್ರಿಸ್ಟಲ್ ಮೊದಲಾದ ರೇವುಗಳಿಂದ ಬಟ್ಟೆ, ಬಂದೂಕು, ಲೋಹದ ಸಾಮಾನುಗಳನ್ನು ತುಂಬಿಕೊಂಡು ಹಡಗುಗಳು ಆಫ್ರಿಕದ ಪಶ್ಚಿಮ ತೀರಕ್ಕೆ ಹೋಗುತ್ತಿದ್ದವು. ಅಲ್ಲಿ ಆ ಸರಕನ್ನು ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಸರಪಳಿ ಬಿಗಿದ ಆ ಜನರನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಒಯ್ದು ವೆಸ್ಟ್ ಇಂಡೀಸ್ ದ್ವೀಪಗಳ ಮತ್ತು ಅಮೆರಿಕದ ತೋಟಗಳಿಗೆ ಮಾರುತ್ತಿದ್ದರು. ಹಿಂದಿರುಗುವಾಗ ಅವೇ ತೋಟಗಳ ಸಕ್ಕರೆ, ಹತ್ತಿ, ಹೊಗೆಸೊಪ್ಪು ಇಂಗ್ಲೆಂಡಿಗೆ ಬರುತ್ತಿದ್ದವು. ಮೂರು ಮೂಲೆಗಳ ಈ ವ್ಯಾಪಾರದಲ್ಲಿ ಮೂರು ಕಡೆಯೂ ಲಾಭವಿತ್ತು. ಯೂರೋಪಿನ ಮತ್ತು ಅಮೆರಿಕದ ಹಡಗುಗಳು ಒಟ್ಟು ಸುಮಾರು 1 ಕೋಟಿ 25 ಲಕ್ಷ ಆಫ್ರಿಕನರನ್ನು ಹೀಗೆ ಹೊತ್ತೊಯ್ದುವೆಂದು ಇಂದಿನ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಸುಮಾರು 18 ಲಕ್ಷ ಮಂದಿ ದಡವನ್ನು ಕಾಣದೆ ನಡುದಾರಿಯಲ್ಲಿಯೇ ಸತ್ತರು. ಬ್ರಿಟಿಷ್ ಹಡಗುಗಳಲ್ಲಿ ಸಾಗಿದವರ ಸಂಖ್ಯೆಯೇ 30 ಲಕ್ಷಕ್ಕೂ ಮೀರಿದುದು.

1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ವ್ಯಾಪಾರವನ್ನು ನಿಷೇಧಿಸಿತು. 1833ರಲ್ಲಿ ಗುಲಾಮಗಿರಿಯನ್ನೇ ರದ್ದುಮಾಡುವ ಶಾಸನವನ್ನು ಅಂಗೀಕರಿಸಿತು. ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಸದಸ್ಯನು ಪಾರ್ಲಿಮೆಂಟಿನಲ್ಲಿ ಈ ಹೋರಾಟದ ಮುಂದಾಳಾಗಿದ್ದನು. ಥಾಮಸ್ ಕ್ಲಾರ್ಕ್‌ಸನ್ ಎಂಬಾತನು ಊರೂರು ಸುತ್ತಿ, ನಾವಿಕರನ್ನು ಕಂಡು, ಗುಲಾಮ ಹಡಗುಗಳ ಕ್ರೌರ್ಯಕ್ಕೆ ಸಾಕ್ಷ್ಯಗಳನ್ನು ಕೂಡಿಸಿದನು. ದಯೆಯೂ ಧರ್ಮಬುದ್ಧಿಯೂ ಉಳ್ಳ ಕೆಲವು ಮಹನೀಯರು ರಾಷ್ಟ್ರದ ಅಂತಃಕರಣವನ್ನು ಎಚ್ಚರಿಸಿದರು. ಬ್ರಿಟನ್ ತನ್ನ ಲಾಭವನ್ನು ತೊರೆದು ನ್ಯಾಯವನ್ನು ಎತ್ತಿಹಿಡಿಯಿತು ಎಂಬುದು ಇಂಗ್ಲೆಂಡಿನ ಇತಿಹಾಸಕಾರರು ನೂರು ವರ್ಷ ಹೇಳಿಕೊಂಡು ಬಂದ ಕಥೆ. ವಿಲಿಯಮ್ಸ್ ವಿದ್ಯಾರ್ಥಿಯಾಗಿದ್ದಾಗ, 1933ರಲ್ಲಿ, ಆ ಶಾಸನದ ಶತಮಾನೋತ್ಸವವು ನಡೆಯಿತು. ಅದೇ ವರ್ಷ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ರೆಜಿನಾಲ್ಡ್ ಕೂಪ್ಲೆಂಡ್ ಈ ಚಳವಳಿಯನ್ನು ಕುರಿತು ಬರೆದ ಗ್ರಂಥವೂ ಹೊರಬಂದಿತು. ಹಿಂದೆ ಆತನು ವಿಲ್ಬರ್‌ಫೋರ್ಸನ ಜೀವನಚರಿತ್ರೆಯನ್ನೂ ಬರೆದಿದ್ದನು.

ತರುಣ ವಿಲಿಯಮ್ಸನಿಗೆ ಈ ಕಥೆಯಲ್ಲಿ ಒಂದು ತೊಡಕು ಕಂಡಿತು. ಗುಲಾಮಗಿರಿಯು ಕ್ರೂರವಾದುದೆಂಬುದು 1807ರಲ್ಲಿ ಹೊಸದಾಗಿ ತಿಳಿದ ಸಂಗತಿಯಾಗಿರಲಿಲ್ಲ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬ್ರಿಟನ್ನಿನ ವರ್ತಕರೂ ಮಂತ್ರಿಗಳೂ ಆ ವ್ಯಾಪಾರವನ್ನು ನಡೆಸಿದ್ದರು, ಬೆಂಬಲಿಸಿದ್ದರು. ಹಾಗಿರುವಾಗ ರಾಷ್ಟ್ರದ ಅಂತಃಕರಣವು ಅದೇ ಕಾಲದಲ್ಲಿ ಎಚ್ಚತ್ತುದು ಏಕೆ? ಮನುಷ್ಯರ ಹೃದಯ ಬದಲಾಯಿತೇ, ಅಥವಾ ಬದಲಾದುದು ಬೇರೆ ಏನಾದರೂ ಉಂಟೇ?

ಇದಕ್ಕೆ ಉತ್ತರವನ್ನು ಗ್ರಂಥಗಳಲ್ಲಿ ಮಾತ್ರ ಹುಡುಕಿದರೆ ಸಾಲದೆಂದು ಆತನಿಗೆ ತಿಳಿದಿತ್ತು. ಇತಿಹಾಸದ ಸಂಶೋಧಕನು ನದಿಯ ಮೂಲವನ್ನು ಅರಸಿ ಹೋಗುವವನಂತೆ ಮೂಲ ದಾಖಲೆಗಳತ್ತ ನಡೆಯಬೇಕು. ವಿಲಿಯಮ್ಸನು ಲಂಡನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿಗೂ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯಕ್ಕೂ ಹೋಗಿ ಕುಳಿತನು. ವಸಾಹತುಗಳ ಗವರ್ನರುಗಳು ಮಂತ್ರಿಗಳಿಗೆ ಬರೆದ ಕಾಗದಗಳು, ಮಂತ್ರಿಗಳ ಖಾಸಗಿ ಪತ್ರಗಳು, ತೋಟದ ಒಡೆಯರ ಮನವಿಗಳು, ಪಾರ್ಲಿಮೆಂಟಿನ ಚರ್ಚೆಗಳ ವರದಿಗಳು, ಆಮದು ರಫ್ತಿನ ಅಂಕಿಅಂಶಗಳು, ಇವುಗಳನ್ನು ತಾಳ್ಮೆಯಿಂದ ಓದಿದನು. ಸಭೆಯಲ್ಲಿ ಎದ್ದು ನಿಂತು ಧರ್ಮದ ಹೆಸರಿನಲ್ಲಿ ಮಾತನಾಡಿದವರು ಪತ್ರಗಳಲ್ಲಿ ಸಕ್ಕರೆಯ ಬೆಲೆಯನ್ನು ಕುರಿತು ಏನು ಬರೆದರೆಂಬುದು ಅಲ್ಲಿ ದೊರೆಯುತ್ತಿತ್ತು.

ದಾಖಲೆಗಳಿಂದ ಆತನಿಗೆ ಹೊಳೆದ ಚಿತ್ರ ಹೀಗಿತ್ತು. ಹದಿನೆಂಟನೆಯ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಸಕ್ಕರೆಯು ಬ್ರಿಟನ್ನಿನ ಸಂಪತ್ತಿನ ಒಂದು ದೊಡ್ಡ ಊಟೆ. ಗುಲಾಮರ ಬೆವರಿನಿಂದ ಬಂದ ಲಾಭವು ಬ್ರಿಟನ್ನಿನ ರೇವುಗಳನ್ನು ಬೆಳೆಸಿತು. ಕೈಗಾರಿಕೆಗಳಿಗೆ ಬಂಡವಾಳವನ್ನೂ ಮಾರುಕಟ್ಟೆಯನ್ನೂ ಒದಗಿಸಿತು. ಆದರೆ ಅಮೆರಿಕದ ವಸಾಹತುಗಳು 1776ರಲ್ಲಿ ಸ್ವಾತಂತ್ರ್ಯವನ್ನು ಸಾರಿ ಬೇರೆಯಾದ ಮೇಲೆ ಪರಿಸ್ಥಿತಿ ಬದಲಾಗತೊಡಗಿತು. ಈ ದ್ವೀಪಗಳ ನೆಲ ಸವೆದಿತ್ತು. ಅವುಗಳ ಸಕ್ಕರೆಗೆ ಸುಂಕದ ರಕ್ಷಣೆಯಿದ್ದುದರಿಂದ ಬ್ರಿಟನ್ನಿನ ಜನರು ಹೆಚ್ಚಿನ ಬೆಲೆಯನ್ನು ತೆರಬೇಕಾಗಿತ್ತು. ಅತ್ತ ಬ್ರೆಜಿಲ್ ಮತ್ತು ಕ್ಯೂಬಾಗಳಲ್ಲಿಯೂ ಭಾರತದಲ್ಲಿಯೂ ಅಗ್ಗದ ಸಕ್ಕರೆಯಿತ್ತು. ಇತ್ತ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಕೆಲವು ದ್ವೀಪಗಳ ಮಾರುಕಟ್ಟೆ ಸಾಲದೆ ಇಡೀ ಜಗತ್ತಿನ ಮಾರುಕಟ್ಟೆ ಬೇಕಾಗಿತ್ತು. ಯಾವ ಬಂಡವಾಳವನ್ನು ಗುಲಾಮಗಿರಿಯು ಸಾಕಿ ಬೆಳೆಸಿತೋ ಅದೇ ಬಂಡವಾಳಕ್ಕೆ ಕಾಲಕ್ರಮದಲ್ಲಿ ಗುಲಾಮಗಿರಿಯು ಹೊರೆಯಾಯಿತು. ಆದುದರಿಂದಲೇ ದಯಾಳುಗಳ ಕೂಗಿಗೆ ಆಳುವವರ ಕಿವಿ ತೆರೆಯಿತೆಂದು ವಿಲಿಯಮ್ಸನು ತೀರ್ಮಾನಿಸಿದನು.

ಈ ಮಾತಿಗೆ ಪುಷ್ಟಿ ಕೊಡುವ ಸಂಗತಿಗಳನ್ನೂ ಆತನು ಮುಂದಿಟ್ಟನು. ಗುಲಾಮಗಿರಿಯ ವಿರೋಧಿಗಳಲ್ಲಿ ಕೆಲವರು ಗುಲಾಮರು ಬೆಳೆದ ಸಕ್ಕರೆಯನ್ನು ಬಿಟ್ಟು ಭಾರತದ ಸಕ್ಕರೆಯನ್ನು ಬಳಸಿರೆಂದು ಜನರಿಗೆ ಉಪದೇಶಿಸುತ್ತಿದ್ದರು. ಅವರಲ್ಲಿ ಭಾರತದ ಸಕ್ಕರೆಯನ್ನು ಆಮದು ಮಾಡಿಕೊಳ್ಳುವ ವರ್ತಕರೂ ಇದ್ದರು! ವೆಸ್ಟ್ ಇಂಡೀಸಿನ ಗುಲಾಮಗಿರಿಗಾಗಿ ಮರುಗಿದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಗುಲಾಮರು ಬಿಡಿಸಿದ ಹತ್ತಿಯೇ ಬರುತ್ತಿತ್ತು. 1833ರ ಶಾಸನವು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದ ಪ್ರದೇಶಗಳಿಗೆ ಅನ್ವಯಿಸಲೇ ಇಲ್ಲ. ಭಾರತದಲ್ಲಿ ಕಾನೂನು ಗುಲಾಮಗಿರಿಗೆ ಮನ್ನಣೆ ಕೊಡುವುದನ್ನು ನಿಲ್ಲಿಸಿದುದು 1843ರಲ್ಲಿ. ಕರುಣೆಯೊಂದೇ ಪ್ರೇರಣೆಯಾಗಿದ್ದರೆ ಅದು ಒಂದು ಕಡೆ ಹರಿದು ಇನ್ನೊಂದು ಕಡೆ ನಿಲ್ಲುತ್ತಿತ್ತೇ ಎಂಬ ಸಂದೇಹ ಇವುಗಳಿಂದ ಏಳುತ್ತದೆ.

ಇನ್ನೆರಡು ವಿಚಾರಗಳನ್ನು ವಿಲಿಯಮ್ಸನು ಒತ್ತಿ ಹೇಳಿದನು. ಬಣ್ಣದ ತಿರಸ್ಕಾರದಿಂದ ಗುಲಾಮಗಿರಿ ಹುಟ್ಟಿತೆಂದು ಜನರು ಭಾವಿಸುತ್ತಾರೆ. ತೋಟಗಳಿಗೆ ಅಗ್ಗದ ದುಡಿಮೆ ಬೇಕಾಗಿತ್ತು. ಅದಕ್ಕಾಗಿ ಗುಲಾಮಗಿರಿ ಬಂದಿತು. ಅದನ್ನು ಸಮರ್ಥಿಸಿಕೊಳ್ಳಲು ಬಣ್ಣದ ತಿರಸ್ಕಾರವು ಬೆಳೆಯಿತು ಎಂಬುದು ಆತನ ವಾದ. ಎರಡನೆಯದಾಗಿ, ಗುಲಾಮರು ಬಿಡುಗಡೆಗಾಗಿ ಕೈಕಟ್ಟಿ ಕಾದು ಕುಳಿತಿರಲಿಲ್ಲ. 1816ರಲ್ಲಿ ಬಾರ್ಬಡೋಸ್‌ನಲ್ಲಿ, 1823ರಲ್ಲಿ ಡೆಮೆರಾರದಲ್ಲಿ, 1831ರ ಕ್ರಿಸ್‌ಮಸ್ ಸಮಯದಲ್ಲಿ ಜಮೈಕದಲ್ಲಿ ಅವರು ದಂಗೆಯೆದ್ದರು. ಮೇಲಿನಿಂದ ಬಿಡುಗಡೆಯನ್ನು ಕೊಡದಿದ್ದರೆ ಕೆಳಗಿನಿಂದ ಅದು ತಾನಾಗಿ ಬಂದೀತೆಂಬ ಭಯ ಆಳುವವರಿಗೆ ತಟ್ಟಿತು.

1938ರಲ್ಲಿ ವಿಲಿಯಮ್ಸನ ಮಹಾಪ್ರಬಂಧಕ್ಕೆ ಡಾಕ್ಟರೇಟ್ ಪದವಿಯು ದೊರೆಯಿತು. ಆದರೆ ಅದನ್ನು ಗ್ರಂಥವಾಗಿ ಪ್ರಕಟಿಸಲು ಆತನು ಪಟ್ಟ ಪ್ರಯತ್ನ ಇಂಗ್ಲೆಂಡಿನಲ್ಲಿ ಫಲಿಸಲಿಲ್ಲ. ಕ್ರಾಂತಿಕಾರಿ ವಿಚಾರಗಳಿಗೆ ಹೆಸರಾದ ಪ್ರಕಾಶಕನೊಬ್ಬನು ಸಹ, ಇಂತಹ ವಾದವು ಬ್ರಿಟಿಷ್ ಪರಂಪರೆಗೆ ವಿರುದ್ಧವೆಂದು ಹೇಳಿ ಕೈಬಿಟ್ಟನೆಂದು ಆತನು ಮುಂದೆ ನೆನಪಿಸಿಕೊಂಡಿದ್ದಾನೆ. 1939ರಲ್ಲಿ ವಿಲಿಯಮ್ಸನು ಅಮೆರಿಕಕ್ಕೆ ಹೋಗಿ, ವಾಷಿಂಗ್‌ಟನ್ ನಗರದ ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ಅಮೆರಿಕದ ಗುಲಾಮರು ಬಿಡುಗಡೆ ಹೊಂದಿದ ಮೇಲೆ, 1867ರಲ್ಲಿ, ಸ್ಥಾಪಿತವಾದ ವಿದ್ಯಾಸಂಸ್ಥೆ ಅದು. ಅಲ್ಲಿ ಕೆಲಸ ಮಾಡುತ್ತ ಆತನು ತನ್ನ ಪ್ರಬಂಧವನ್ನು ವಿಸ್ತರಿಸಿ ತಿದ್ದಿದನು. 1944ರಲ್ಲಿ ‘ಬಂಡವಾಳಶಾಹಿ ಮತ್ತು ಗುಲಾಮಗಿರಿ’ ಎಂಬ ಅರ್ಥದ ಹೆಸರಿನಿಂದ ಅದು ಅಮೆರಿಕದಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಅದು ಅಚ್ಚಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿನ ಮುದ್ರಣ ಹೊರಬಂದುದು 1964ರಲ್ಲಿ. 2022ರಲ್ಲಿ ಬ್ರಿಟನ್ನಿನಲ್ಲಿ ಅದು ಮತ್ತೆ ಅಚ್ಚಾದಾಗ ಸಾವಿರಾರು ಮಂದಿ ಅದನ್ನು ಕೊಂಡು ಓದಿದರು.

ವಿಲಿಯಮ್ಸನು ಹೇಳಿದುದೆಲ್ಲವೂ ಕೊನೆಯ ಮಾತಾಯಿತೆಂದು ತಿಳಿಯಬಾರದು. ಆತನು ಹಳೆಯ ಇತಿಹಾಸಕಾರರನ್ನು ಪ್ರಶ್ನಿಸಿದಂತೆಯೇ ಹೊಸ ಇತಿಹಾಸಕಾರರು ಆತನನ್ನು ಪ್ರಶ್ನಿಸಿದರು. ಅಮೆರಿಕದ ಸೆಮರ್ ಡ್ರೆಷರ್ ಎಂಬ ವಿದ್ವಾಂಸನು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, 1807ರ ಹೊತ್ತಿಗೆ ವೆಸ್ಟ್ ಇಂಡೀಸಿನ ವ್ಯಾಪಾರವು ಇಳಿಮುಖವಾಗಿರಲಿಲ್ಲವೆಂದು ಅಂಕಿಅಂಶಗಳ ಬಲದಿಂದ ವಾದಿಸಿದನು. ಹಾಗಿದ್ದರೆ ಲಾಭದಾಯಕವಾದ ವ್ಯಾಪಾರವನ್ನೇ ಬ್ರಿಟನ್ ಕೈಬಿಟ್ಟಂತಾಯಿತು. ಈ ವಾದದಂತೆ, ಅದಕ್ಕೆ ಕಾರಣವನ್ನು ಜನರ ಒತ್ತಾಯದಲ್ಲಿ ಹುಡುಕಬೇಕು. 1792ರ ಒಂದೇ ವರ್ಷದಲ್ಲಿ ಗುಲಾಮ ವ್ಯಾಪಾರದ ವಿರುದ್ಧ 519 ಮನವಿಗಳು ಪಾರ್ಲಿಮೆಂಟಿಗೆ ಬಂದವು. ಲಕ್ಷಾಂತರ ಮಂದಿ ಅವುಗಳಿಗೆ ಸಹಿ ಹಾಕಿದ್ದರು. ಅವರಲ್ಲಿ ಬಹುಮಂದಿ ಸಕ್ಕರೆಯ ವ್ಯಾಪಾರಿಗಳಲ್ಲ, ಸಾಮಾನ್ಯ ಜನರು. ಗುಲಾಮ ವ್ಯಾಪಾರದ ಲಾಭವು ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಗೆ ಎಷ್ಟು ನೆರವಾಯಿತೆಂಬ ಬಗ್ಗೆಯೂ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಒಂದು ವಿಷಯದಲ್ಲಿ ಸಂದೇಹವಿಲ್ಲ. ವಿಲಿಯಮ್ಸನ ಗ್ರಂಥ ಬಂದ ಮೇಲೆ, ಹಣದ ಲೆಕ್ಕವನ್ನು ನೋಡದೆ, ಗುಲಾಮರ ಹೋರಾಟವನ್ನು ಹೇಳದೆ, ಈ ಇತಿಹಾಸವನ್ನು ಬರೆಯುವುದು ಯಾರಿಗೂ ಸಾಧ್ಯವಾಗಲಿಲ್ಲ.

ಆ ಹಣದ ಲೆಕ್ಕದ ಒಂದು ಪುಟವನ್ನು ಇಲ್ಲಿ ನೋಡಬಹುದು. 1833ರ ಶಾಸನದಿಂದ ಸುಮಾರು 8 ಲಕ್ಷ ಗುಲಾಮರು ಬಿಡುಗಡೆಗೆ ಅರ್ಹರಾದರು. 1834ರ ಆಗಸ್ಟ್ 1ರಂದು ಶಾಸನವು ಜಾರಿಗೆ ಬಂದರೂ ಅವರಲ್ಲಿ ಬಹುಮಂದಿ 1838ರವರೆಗೆ ಹಿಂದಿನ ಒಡೆಯರ ಬಳಿಯಲ್ಲಿಯೇ ಕೂಲಿಯಿಲ್ಲದೆ ದುಡಿಯಬೇಕಾಯಿತು. ಬ್ರಿಟಿಷ್ ಸರ್ಕಾರವು ಪರಿಹಾರವೆಂದು 2 ಕೋಟಿ ಪೌಂಡುಗಳನ್ನು ತೆಗೆದಿರಿಸಿತು. ಆ ಪರಿಹಾರ ಸಂದುದು ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ. ಬೆನ್ನು ಬಾಗಿಸಿ ದುಡಿದವರಿಗೆ ಒಂದು ಕಾಸೂ ಬರಲಿಲ್ಲ. ಪರಿಹಾರವನ್ನು ಕೇಳಿದವರ ಅರ್ಜಿಗಳೆಲ್ಲವೂ ಸರ್ಕಾರದ ಕಡತಗಳಲ್ಲಿ ಉಳಿದುಕೊಂಡಿದ್ದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇತಿಹಾಸ ವಿಭಾಗದವರು ಅವುಗಳನ್ನು ಒಂದೊಂದಾಗಿ ಪರಿಶೀಲಿಸಿ, 2013ರಲ್ಲಿ ಸಾರ್ವಜನಿಕರ ಮುಂದಿಟ್ಟರು. ಅರ್ಜಿದಾರರಲ್ಲಿ ದೊಡ್ಡ ಜಮೀನುದಾರರಷ್ಟೇ ಅಲ್ಲದೆ ಪಾದ್ರಿಗಳೂ ವಿಧವೆಯರೂ ಸಾಮಾನ್ಯ ಗೃಹಸ್ಥರೂ ಇದ್ದರೆಂಬುದು ಆಗ ಎಲ್ಲರಿಗೂ ತಿಳಿಯಿತು. ಅನೇಕ ಬ್ರಿಟಿಷ್ ಕುಟುಂಬಗಳು ತಮ್ಮ ಪೂರ್ವಿಕರ ಹೆಸರನ್ನು ಅಲ್ಲಿ ಕಂಡು ಬೆರಗಾದವು. ಹಳೆಯ ಕಡತವೊಂದು ಇಂದಿನವರೊಡನೆ ಮಾತನಾಡುವುದೆಂದರೆ ಹೀಗೆ.

ಇನ್ನು ವಿಲಿಯಮ್ಸನ ಕಥೆಗೆ ಹಿಂದಿರುಗಬಹುದು. ಆತನ ವಿದ್ಯೆಯು ಗ್ರಂಥಾಲಯದ ಗೋಡೆಗಳೊಳಗೆ ಉಳಿಯಲಿಲ್ಲ. ಟ್ರಿನಿಡಾಡಿಗೆ ಹಿಂದಿರುಗಿದ ಮೇಲೆ, 1955ರಲ್ಲಿ, ಆತನು ಪೋರ್ಟ್ ಆಫ್ ಸ್ಪೇನಿನ ವುಡ್‌ಫರ್ಡ್ ಚೌಕದಲ್ಲಿ ಸಾರ್ವಜನಿಕ ಉಪನ್ಯಾಸಗಳನ್ನು ಪ್ರಾರಂಭಿಸಿದನು. ಹಗಲೆಲ್ಲ ದುಡಿದ ಜನರು ಸಂಜೆ ಮರಗಳ ಕೆಳಗೆ ನೆರೆದು, ತಮ್ಮ ದ್ವೀಪದ ಇತಿಹಾಸವನ್ನೂ ರಾಜ್ಯಾಂಗದ ವಿಚಾರಗಳನ್ನೂ ಅರ್ಥಶಾಸ್ತ್ರದ ಸಂಗತಿಗಳನ್ನೂ ಕೇಳಿದರು. ಆ ಬಯಲಿಗೆ ‘ವುಡ್‌ಫರ್ಡ್ ಚೌಕದ ವಿಶ್ವವಿದ್ಯಾನಿಲಯ’ ಎಂಬ ಹೆಸರೇ ಬಂದಿತು. ಅಲ್ಲಿ ಪ್ರವೇಶಶುಲ್ಕವಿರಲಿಲ್ಲ, ಪದವಿಪತ್ರವಿರಲಿಲ್ಲ. ಹಿಂದೆ ಒಬ್ಬಿಬ್ಬರು ವಿದ್ಯಾರ್ಥಿವೇತನದಿಂದ ಸಮುದ್ರದಾಚೆ ಪಡೆದು ಬಂದ ಜ್ಞಾನವು ಅಲ್ಲಿ ಎಲ್ಲರ ಸೊತ್ತಾಯಿತು. 1956ರಲ್ಲಿ ವಿಲಿಯಮ್ಸನು ರಾಜಕೀಯ ಪಕ್ಷವೊಂದನ್ನು ಸ್ಥಾಪಿಸಿ ಚುನಾವಣೆಯಲ್ಲಿ ಗೆದ್ದನು. 1962ರ ಆಗಸ್ಟ್ 31ರಂದು ಟ್ರಿನಿಡಾಡ್ ಮತ್ತು ಟೊಬಾಗೊ ಸ್ವತಂತ್ರವಾದಾಗ ಆತನೇ ಮೊದಲನೆಯ ಪ್ರಧಾನಮಂತ್ರಿಯಾದನು. ಅದೇ ವರ್ಷ ಆತನು ತನ್ನ ನಾಡಿನ ಜನರ ಇತಿಹಾಸವನ್ನು ಬರೆದು ಪ್ರಕಟಿಸಿದನು. ಇಂಗ್ಲೆಂಡಿನ ಅರಸರ ಹೆಸರುಗಳನ್ನು ಕಲಿತು ಬೆಳೆದ ಹುಡುಗನು ತನ್ನ ಜನರ ಕೈಗೆ ಅವರದೇ ಇತಿಹಾಸವನ್ನು ಇತ್ತನು.

ಅಧಿಕಾರಕ್ಕೆ ಬಂದ ಮೇಲೆ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಸರದಿ ಆತನದಾಯಿತು. 1965ರಲ್ಲಿ ಸಿ. ಎಲ್. ಆರ್. ಜೇಮ್ಸ್ ಟ್ರಿನಿಡಾಡಿಗೆ ಬಂದಾಗ, ವಿಲಿಯಮ್ಸನ ಸರ್ಕಾರವು ಆತನನ್ನು ಗೃಹಬಂಧನದಲ್ಲಿರಿಸಿತು. ಒಂದು ಕಾಲದಲ್ಲಿ ಗುರುವೂ ಗೆಳೆಯನೂ ಆಗಿದ್ದವನಿಗೆ ಹೀಗಾಯಿತು. 1970ರಲ್ಲಿ ಸ್ವಾತಂತ್ರ್ಯದ ಫಲವು ತಮಗೆ ದಕ್ಕಲಿಲ್ಲವೆಂದು ತರುಣರು ಬೀದಿಗಿಳಿದು ಪ್ರತಿಭಟಿಸಿದರು. ಇತಿಹಾಸಕಾರನ ಬಾಳೂ ಇತಿಹಾಸದ ಒರೆಗಲ್ಲಿನಿಂದ ತಪ್ಪಿಸಿಕೊಳ್ಳಲಾರದು. ಆತನ ಗುಣವನ್ನು ಹೇಳುವವರು ದೋಷವನ್ನೂ ಹೇಳಬೇಕೆಂಬುದು ಆತನೇ ಕಲಿಸಿದ ಪಾಠ. ಹತ್ತೊಂಬತ್ತು ವರ್ಷಗಳಷ್ಟು ಕಾಲ ಪ್ರಧಾನಮಂತ್ರಿಯಾಗಿದ್ದು, 1981ರ ಮಾರ್ಚ್ 29ರಂದು ವಿಲಿಯಮ್ಸನು ನಿಧನ ಹೊಂದಿದನು.

ಆತನು ಹುಡುಗನಾಗಿದ್ದಾಗ ವಿಶ್ವವಿದ್ಯಾನಿಲಯವಿಲ್ಲದಿದ್ದ ಆ ದ್ವೀಪದಲ್ಲಿ ಇಂದು ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದ ಒಂದು ಕೇಂದ್ರವಿದೆ. ಆತನ ಗ್ರಂಥಗಳನ್ನೂ ಕಾಗದಪತ್ರಗಳನ್ನೂ ಅಲ್ಲಿನ ಗ್ರಂಥಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ. ಒಮ್ಮೆ ಲಂಡನ್ನಿನ ದಾಖಲೆಗಳನ್ನು ಬಿಡಿಸಿ ಓದಿದವನ ಕಾಗದಗಳನ್ನು ಇಂದು ಬೇರೆ ವಿದ್ಯಾರ್ಥಿಗಳು ಬಿಡಿಸಿ ಓದುತ್ತಾರೆ. ಆತನ ಮಾತುಗಳಿಗೂ ಆಧಾರವನ್ನು ಕೇಳುತ್ತಾರೆ. ಪಾಠವನ್ನು ಗೌರವದಿಂದ ಕಲಿತು, ಅನಂತರ ನಿರ್ಭಯವಾಗಿ ಪ್ರಶ್ನಿಸಿ, ತನ್ನ ಉತ್ತರವನ್ನು ಇತರರ ಪರೀಕ್ಷೆಗೆ ಒಡ್ಡುವುದು ವಿಶ್ವವಿದ್ಯಾನಿಲಯದ ವ್ಯಾಸಂಗದ ತಿರುಳು. ಅದಕ್ಕೆ ಬೇಕಾದ ಅಭ್ಯಾಸವನ್ನು ಶಾಲೆಯ ಬೆಂಚಿನಲ್ಲಿ ಕುಳಿತಿರುವಾಗಲೇ ಪ್ರಾರಂಭಿಸಬಹುದು.

ಅಭ್ಯಾಸ

1. ಎರಿಕ್ ವಿಲಿಯಮ್ಸನು ಶಾಲೆಯಲ್ಲಿ ಕಲಿತ ಇತಿಹಾಸದಲ್ಲಿ ಯಾವ ಕೊರತೆಯಿತ್ತು?
2. ಆಕ್ಸ್‌ಫರ್ಡಿನ ಬೋಧನಾಕ್ರಮದ ವಿಶೇಷವೇನು?
3. ಗುಲಾಮಗಿರಿಯ ರದ್ದತಿಯನ್ನು ಕುರಿತ ಹಳೆಯ ಕಥೆಯಲ್ಲಿ ವಿಲಿಯಮ್ಸನಿಗೆ ಕಂಡ ತೊಡಕು ಯಾವುದು? ಅದನ್ನು ಬಿಡಿಸಲು ಆತನು ಯಾವ ಯಾವ ದಾಖಲೆಗಳನ್ನು ಓದಿದನು?
4. ಡ್ರೆಷರನು ವಿಲಿಯಮ್ಸನ ವಾದವನ್ನು ಹೇಗೆ ಪ್ರಶ್ನಿಸಿದನು?
5. ‘ಇತಿಹಾಸಕಾರನ ಬಾಳೂ ಇತಿಹಾಸದ ಒರೆಗಲ್ಲಿನಿಂದ ತಪ್ಪಿಸಿಕೊಳ್ಳಲಾರದು.’ ಈ ಮಾತನ್ನು ವಿವರಿಸಿರಿ.
6. ನಿಮ್ಮ ಊರಿನ ಹಿರಿಯರೊಬ್ಬರು ಹೇಳುವ ಹಳೆಯ ಸಂಗತಿಯೊಂದನ್ನು ಬರೆದುಕೊಂಡು, ಅದಕ್ಕೆ ಶಾಸನ, ಕಡತ ಅಥವಾ ಬೇರೆಯವರ ಹೇಳಿಕೆಯ ಆಧಾರವಿದೆಯೇ ಎಂದು ವಿಚಾರಿಸಿ ತಿಳಿಯಿರಿ.